ಬೆಳೆದ ಮಕ್ಕಳ ಋಣ

ಸಂಘದ ಗೋದಾಮಿನ ಮುಂದೆ ಅಡಿಕೆ ಮೂಟೆ ಇಳಿಸಿ, ತೂಕದ ಸರದಿಗೆ ಕಾಯುತ್ತ ಕುಳಿತ ಇಬ್ಬರು ಬೆಳೆಗಾರರು ಮೊದಲು ಮಾತಾಡಿಕೊಳ್ಳುವುದು ಧಾರಣೆಯ ವಿಚಾರ. ಆಮೇಲೆ ಮಳೆಯ ವಿಚಾರ. ಮೂರನೆಯ ಪ್ರಶ್ನೆ ಸ್ವಲ್ಪ ತಡೆದು ಬರುತ್ತದೆ: "ಮಗ ಎಲ್ಲಿದ್ದಾನೆ ಈಗ?" "ಬೆಂಗಳೂರಲ್ಲೇ" ಎಂಬ ಉತ್ತರದಲ್ಲಿ ಅರ್ಧ ಹೆಮ್ಮೆ, ಅರ್ಧ ನಿಟ್ಟುಸಿರು. ಕೇಳಿದವರ ಮಗನೂ ಅಲ್ಲೇ ಇರುವುದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೆಣಸೆಯ ಸುತ್ತಮುತ್ತ ಇರಲಿ, ಕೊಪ್ಪ, ನರಸಿಂಹರಾಜಪುರದ ಕಡೆ ಇರಲಿ, ಎಷ್ಟೋ ಮನೆಗಳಲ್ಲಿ ಇಂದು ಉಳಿದಿರುವವರು ಗಂಡ ಹೆಂಡತಿ ಇಬ್ಬರೇ. ಹತ್ತು ಎಲೆ ಹಾಕುತ್ತಿದ್ದ ಊಟದ ಮನೆಯಲ್ಲಿ ಈಗ ಎರಡು ತಟ್ಟೆ. ಅಂಥ ಮನೆಗಳ ಜಗಲಿಯಲ್ಲಿ ಕುಳಿತರೆ ತಪ್ಪದೆ ಕೇಳುವ ಮಾತು ಒಂದುಂಟು: "ಮಕ್ಕಳು ತೋಟ ಬಿಟ್ಟು ಹೋದರು. ನಮ್ಮ ಕಾಲ ಮುಗಿದ ಮೇಲೆ ಇದೆಲ್ಲ ಕಾಡು."

ಗೊಬ್ಬರ, ಔಷಧಿ, ಧಾರಣೆಗಳ ವಿಚಾರ ಈ ಪತ್ರಿಕೆಯಲ್ಲಿ ಸದಾ ಇರುವಂಥದೇ. ಈ ಸಲ ಮನೆಯೊಳಗಿನ ಬೆಳೆಯ ಬಗ್ಗೆ ನಾಲ್ಕು ಮಾತು. ಜಗಲಿಯ ಆ ಮಾತನ್ನು ಇನ್ನೊಂದು ಕಡೆಯಿಂದ ನೋಡುವುದೇ ಈ ಲೇಖನದ ಉದ್ದೇಶ.

ತೋಟ ಬಿಟ್ಟವರು ಯಾರು?

ಹಳದಿ ಎಲೆ ರೋಗದ ಪರಿಚಯವನ್ನು ನಮ್ಮ ಮೂರು ತಾಲ್ಲೂಕಿನವರಿಗೆ ಬೇರೆ ಮಾಡಿಕೊಡಬೇಕಾಗಿಲ್ಲ. ಹೊರಸುತ್ತಿನ ಸೋಗೆಯ ತುದಿ ಹಳದಿಯಾಗುತ್ತ ಬರುತ್ತದೆ. ವರ್ಷ ಕಳೆದಂತೆ ಶಿರ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ. ಉಳಿದದ್ದನ್ನು ಸುಲಿದರೆ ಒಳಗೆ ಕಪ್ಪಾದ ಮೆತ್ತನೆ ತಿರುಳು. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವ ಸಣ್ಣ ಜಿಗಿಹುಳುವನ್ನೂ ಗುರುತಿಸಿದ್ದಾರೆ. ಆದರೆ ಒಮ್ಮೆ ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಗೊಬ್ಬರ ಕೊಟ್ಟು, ಬಸಿಗಾಲುವೆ ತೆಗೆದು, ಆರೈಕೆ ಮಾಡಿ ನಾಲ್ಕು ವರ್ಷ ಎಳೆಯಬಹುದು, ಅಷ್ಟೇ. ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದಾಗ, ಮನೆಯಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರಿಗೆ ಏನು ಹೇಳಿ ಬೆಳೆಸಿದೆವು? "ಈ ತೋಟ ನಂಬಿಕೊಂಡು ಕೂರಬೇಡ, ಓದಿ ಒಂದು ನೌಕರಿ ಹಿಡಿ" ಎಂದೇ ಅಲ್ಲವೆ? ಅದು ಆ ಹೊತ್ತಿಗೆ ತಂದೆ ತಾಯಿ ಹೇಳಬೇಕಾದ ಮಾತೇ ಆಗಿತ್ತು. ಮಕ್ಕಳು ಆ ಮಾತು ಕೇಳಿದರು. ಹಾಸ್ಟೆಲಿನ ಅನ್ನ ಉಂಡು ಓದಿದರು, ಪರವೂರಿನಲ್ಲಿ ಬಾಡಿಗೆ ಮನೆ ಹಿಡಿದರು, ನೌಕರಿಗೆ ಸೇರಿದರು. ಈಗ ಅದೇ ಮಕ್ಕಳನ್ನು "ತೋಟ ಬಿಟ್ಟವರು" ಎಂದು ಕರೆಯುವುದು ಎಷ್ಟರ ಮಟ್ಟಿಗೆ ಸರಿ?

ಒಂದು ದಿನ ಬಿಡುವು ಮಾಡಿಕೊಂಡು ಬ್ಯಾಂಕಿನ ಪಾಸುಪುಸ್ತಕ ತೆಗೆದು ನೋಡಬೇಕು. ತೋಟದ ಕಾಲುವೆ ತೆಗೆಸಿದ ಕೂಲಿ, ಕಾಫಿ ಗಿಡಗಳ ನಡುವಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯ ಖರ್ಚು, ಅಮ್ಮನ ಕಣ್ಣಿನ ಆಪರೇಷನ್, ಹಂಚು ಇಳಿಸಿ ಹೊಸದಾಗಿ ಹೊದಿಸಿದ ಮಾಡು, ಇವುಗಳ ಹಣ ಎಲ್ಲಿಂದ ಬಂತು? ಎಷ್ಟೋ ಮನೆಗಳಲ್ಲಿ ಅದು ಮಗನ ಸಂಬಳ, ಮಗಳ ಸಂಬಳ. ತೋಟವೇ ನಮ್ಮ ಕೈಬಿಡುತ್ತಿದ್ದ ಕಾಲದಲ್ಲಿ, ನಾವು ತೋಟದ ಕೈಬಿಡದಂತೆ ನಿಲ್ಲಿಸಿದ್ದು ಆ ಹಣ. ರೋಗ ಬಂದ ಜಾಗದಲ್ಲಿ ಇಂದು ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು, ಹೊಸದಾಗಿ ಇಟ್ಟ ಅಡಿಕೆ ಸಸಿ ಇದ್ದರೆ, ಅದರ ಬುಡದಲ್ಲಿ ನಗರದಲ್ಲಿ ದುಡಿಯುವ ಒಬ್ಬರ ಬೆವರೂ ಇದೆ. ಇದನ್ನು ನಾವು ಮನಸ್ಸಿನಲ್ಲಿ ಬಲ್ಲೆವು. ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ.

ಸಾಲ ಬೇರೆ, ಋಣ ಬೇರೆ

ಸಹಕಾರಿ ಸಂಘದ ಸದಸ್ಯರಿಗೆ ಸಾಲದ ವ್ಯವಹಾರ ಚೆನ್ನಾಗಿ ಗೊತ್ತು. ಅದಕ್ಕೆ ಪಹಣಿ ಬೇಕು, ಜಾಮೀನು ಬೇಕು. ಕಂತು ಉಂಟು, ವಾಯಿದೆ ಉಂಟು. ಕಟ್ಟಿ ತೀರಿಸಿ ರಸೀತಿ ಪಡೆದರೆ ಅಲ್ಲಿಗೆ ಮುಗಿಯಿತು. ಋಣಕ್ಕೆ ಇದಾವುದೂ ಇಲ್ಲ. ದೇವಋಣ, ಋಷಿಋಣ, ಪಿತೃಋಣ ಎಂದು ನಮ್ಮ ಹಿರಿಯರು ಮೂರು ಋಣಗಳನ್ನು ಹೇಳಿದ್ದಾರಷ್ಟೆ. ಇವುಗಳಲ್ಲಿ ಪಿತೃಋಣ ತೀರುವುದು ಸಂತಾನದಿಂದ, ಎಂದರೆ ಮುಂದಿನ ತಲೆಮಾರನ್ನು ಬೆಳೆಸುವುದರಿಂದ. ಋಣದ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯುವಂಥದು.

ಅಡಿಕೆ ಬೆಳೆಗಾರನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಸಿ ನೆಟ್ಟು ಮೊದಲ ಕೊನೆ ಕಾಣಲು 5ರಿಂದ 7 ವರ್ಷ ಬೇಕು. ಚೆನ್ನಾಗಿ ಉಳಿದ ಮರ 50 ವರ್ಷ ದಾಟಿಯೂ ನಿಲ್ಲುತ್ತದೆ. ಆದ್ದರಿಂದ ಅಡಿಕೆ ನೆಡುವವನು ತನಗಾಗಿ ಮಾತ್ರ ನೆಡುವುದಿಲ್ಲ. ಅಜ್ಜ ನೆಟ್ಟ ಮರದ ಕೊನೆ ಕೊಯ್ದು ನಾವು ಬದುಕಿದೆವು. ಅಜ್ಜ ಯಾವತ್ತೂ ರಸೀತಿ ಕೇಳಲಿಲ್ಲ.

ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಕೆಲವರು ಋಣವನ್ನು ಸಾಲದ ಖಾತೆಗೆ ಬರೆಯುತ್ತಾರೆ. "ನಿನ್ನನ್ನು ಓದಿಸಲು ಎಷ್ಟು ಮೂಟೆ ಅಡಿಕೆ ಹೋಯಿತು, ಗೊತ್ತುಂಟೆ?" ಎಂಬ ಮಾತು ಹಬ್ಬಕ್ಕೆ ಬಂದ ಮಗನ ಮುಂದೆ ಕಾಫಿ ಲೋಟದ ಜೊತೆಗೇ ಬಂದು ಕೂರುತ್ತದೆ. ಮಗ ಉತ್ತರ ಕೊಡುವುದಿಲ್ಲ. ಆದರೆ ಮುಂದಿನ ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ಫೋನ್ ಬರುತ್ತದೆ. ವಸೂಲಿಗೆ ಬರುವವರ ಮುಂದೆ ಯಾರಾದರೂ ಪ್ರೀತಿಯಿಂದ ನಿಲ್ಲುವುದುಂಟೆ?

ಭೂಮಿ ಹುಣ್ಣಿಮೆ ಕಲಿಸುವುದು

ಮಲೆನಾಡಿನ ಹಬ್ಬಗಳಲ್ಲಿ ಭೂಮಿ ಹುಣ್ಣಿಮೆಯಷ್ಟು ಅರ್ಥವತ್ತಾದದ್ದು ಇನ್ನೊಂದಿಲ್ಲ. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ಆಗ ಭೂಮಿತಾಯಿ ಬಸುರಿ ಎಂದು ನಂಬಿ, ಬಸುರಿ ಹೆಂಗಸಿಗೆ ಬಯಕೆ ಬಡಿಸುವಂತೆ ಅವಳಿಗೆ ಉಣಬಡಿಸುವ ಹಬ್ಬವಿದು. ಹೆಂಗಸರು ರಾತ್ರಿಯಿಡೀ ನಿದ್ದೆಗೆಟ್ಟು ಬಗೆಬಗೆಯ ಸೊಪ್ಪು ತರಕಾರಿ ಬೇಯಿಸಿ, ಕಡುಬು ಮಾಡಿ ಬುಟ್ಟಿ ತುಂಬುತ್ತಾರೆ. ಬೆಳಗಿನ ಜಾವದ ಮಬ್ಬಿನಲ್ಲೇ ಮನೆಯವರು ಗದ್ದೆಗೆ, ತೋಟಕ್ಕೆ ಹೋಗಿ ಅದನ್ನು ಬೀರಿ ಬರುತ್ತಾರೆ. ಪೂಜೆಯಾದ ಮೇಲೆ ಅಲ್ಲೇ ಕುಳಿತು ಊಟ.

ಇಲ್ಲಿ ಗಮನಿಸಬೇಕಾದದ್ದು ಹಬ್ಬ ಬರುವ ಕಾಲ. ಕೊಯ್ಲು ಇನ್ನೂ ಆಗಿಲ್ಲ. ಕಾಳು ಗಟ್ಟಿಯಾಗುತ್ತದೋ ಜೊಳ್ಳಾಗುತ್ತದೋ ಯಾರಿಗೂ ತಿಳಿಯದು. ಮಳೆ, ಹುಳು, ಹಂದಿ, ಕೋತಿ ಎಲ್ಲ ಭಯವೂ ಮುಂದೆ ಇದೆ. ಹಾಗಿದ್ದೂ ಭೂಮಿಗೆ ಬಡಿಸುವುದು ಬೆಳೆ ಬಂದ ಮೇಲಲ್ಲ, ಬರುವ ಮೊದಲೇ. ಕಣಜ ತುಂಬಿದ ಮೇಲೆ ಕೈಮುಗಿಯುವುದು ಯಾರಿಗೂ ಕಷ್ಟವಲ್ಲ. ತುಂಬುವ ಮೊದಲೇ ಮುಗಿದರೆ ಅದಕ್ಕೆ ನಂಬಿಕೆ ಎಂದು ಹೆಸರು. ಕೃತಜ್ಞತೆಯೂ ನಂಬಿಕೆಯೂ ಬೇರೆಬೇರೆ ಗುಣಗಳೆಂದು ನಾವು ತಿಳಿಯುತ್ತೇವೆ. ಭೂಮಿ ಹುಣ್ಣಿಮೆಯ ಬುಟ್ಟಿಯಲ್ಲಿ ಅವೆರಡೂ ಒಂದೇ.

ಬೆಳೆದ ಮಕ್ಕಳ ವಿಷಯದಲ್ಲೂ ಹೀಗೆಯೇ ಇರಬಾರದೇಕೆ? ಅವರು ಊರಿಗೆ ಮರಳುತ್ತಾರೋ ಇಲ್ಲವೋ, ತೋಟ ನೋಡಿಕೊಳ್ಳುತ್ತಾರೋ ಮಾರುತ್ತಾರೋ ಎಂಬುದು ತೀರ್ಮಾನವಾಗುವ ತನಕ ಪ್ರೀತಿಯನ್ನು ತಡೆಹಿಡಿಯುವುದಲ್ಲ. ಅದು ತೀರ್ಮಾನವಾಗುವ ಮೊದಲೇ, ಇಂದೇ, ಅವರಿಗೆ ಎದೆಯ ತುತ್ತು ಬಡಿಸುವುದು.

ಕುಪ್ಪಳಿಯ ತಂದೆ, ಮೂಡಿಗೆರೆಯ ಮಗ

ಈ ಮಾತಿಗೆ ನಮ್ಮ ನೆರೆಯಲ್ಲೇ ಒಂದು ನಿದರ್ಶನ ಉಂಟು. ರಾಷ್ಟ್ರಕವಿ ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಅಂಥವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿ, ನೌಕರಿ ಹಿಡಿಯದೆ, ಮೂಡಿಗೆರೆಯ ಕಾಡಿನಂಚಿಗೆ ಹೋಗಿ ಕಾಫಿ ಬೆಳೆಯಲು ನಿಂತರು. ಎಲ್ಲರೂ ಮಲೆನಾಡಿನಿಂದ ಪೇಟೆಗೆ ಇಳಿಯುತ್ತಿದ್ದ ಕಾಲದಲ್ಲಿ ಈ ಮಗ ಪೇಟೆಯಿಂದ ಮಲೆನಾಡಿಗೆ ಹತ್ತಿದರು.

1966ರಲ್ಲಿ ಅವರ ಮದುವೆಯಾಯಿತು. ನಡೆದದ್ದು ಪೇಟೆಯ ಕಲ್ಯಾಣ ಮಂಟಪದಲ್ಲಲ್ಲ, ಮಗನ ಚಿತ್ರಕೂಟ ತೋಟದಲ್ಲಿ; ಅದ್ದೂರಿಯಿಲ್ಲದೆ, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಸರಳ ರೀತಿಯಲ್ಲಿ. ಮಗ ತನ್ನ ಮನಸ್ಸಿಗೆ ಬಂದ ದಾರಿ ಹಿಡಿದಾಗ, ತಂದೆ ಆ ದಾರಿಯ ಕೊನೆಯಲ್ಲಿದ್ದ ಮನೆಗೇ ಹೋಗಿ ತಮ್ಮಲ್ಲಿದ್ದ ಅತಿ ಒಳ್ಳೆಯದನ್ನು, ಎಂದರೆ ಮಾತನ್ನು, ಮದುವೆಯ ಉಡುಗೊರೆಯಾಗಿ ಕೊಟ್ಟರು. ಮನೆಯಲ್ಲಿ ಮಕ್ಕಳು ಕುವೆಂಪು ಅವರನ್ನು ಕರೆಯುತ್ತಿದ್ದದ್ದು "ಅಣ್ಣ" ಎಂದು. ತಂದೆ ತೀರಿಕೊಂಡ ಮೇಲೆ ತೇಜಸ್ವಿ ಬರೆದ ಪುಸ್ತಕದ ಹೆಸರೂ "ಅಣ್ಣನ ನೆನಪು".

ನಮ್ಮ ಹಲವು ಮನೆಗಳಲ್ಲಿ ದಾರಿ ಇದಕ್ಕೆ ಉಲ್ಟಾ: ತಂದೆ ತೋಟದಲ್ಲಿ, ಮಗ ಪೇಟೆಯಲ್ಲಿ. ಆದರೆ ಪಾಠ ಒಂದೇ. ಮಗ ಯಾವ ಕಡೆಗೆ ನಡೆದ ಎಂಬುದು ಮುಖ್ಯವಲ್ಲ. ಅವನು ಮಾಡಿಕೊಂಡ ಮನೆಯ ಬಾಗಿಲಿಗೆ ನಾವು ಹೋಗಿ ನಿಂತೆವೆ, ಅದನ್ನು ಮನೆಯೆಂದು ಒಪ್ಪಿದೆವೆ ಎಂಬುದು ಮುಖ್ಯ. ಬೆಂಗಳೂರಿನ ಎರಡು ಕೋಣೆಯ ಮನೆಗೆ ಹೋದಾಗ "ಅಂಗಳವಿಲ್ಲ, ಬಾವಿಯಿಲ್ಲ" ಎಂದು ಕೊರತೆ ಎಣಿಸುವ ಬದಲು, ಸೊಸೆ ಕಿಟಕಿಯ ಬಳಿ ಕುಂಡದಲ್ಲಿ ಬೆಳೆಸಿದ ತುಳಸಿಯನ್ನು ಕಂಡು ಒಂದು ಒಳ್ಳೆಯ ಮಾತಾಡಿದರೆ ಸಾಕು.

ಮನೆ ತುಂಬಿದ ವರ್ಷ

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಮಲೆನಾಡಿನ ಮನೆಗಳ ಬಾಗಿಲು ತೆರೆದವು. ಬೆಂಗಳೂರಿನಿಂದ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಬಂದರು. ಹಬ್ಬಕ್ಕೆ ಎರಡು ದಿನ ಬಂದು ಹೋಗುತ್ತಿದ್ದವರು ತಿಂಗಳುಗಟ್ಟಲೆ ಉಳಿದರು. ಅಟ್ಟದ ಮೇಲೆ, ಸಿಗ್ನಲ್ ಸಿಗದಿದ್ದರೆ ಗುಡ್ಡದ ನೆತ್ತಿಯಲ್ಲಿ, ಲ್ಯಾಪ್‌ಟಾಪ್ ಹಿಡಿದು ಕುಳಿತು ಕೆಲಸ ಮಾಡಿದರು. ಆ ಕಾಲದ ಭಯ, ಸಾವು, ನೋವು ಮರೆಯುವಂಥದಲ್ಲ. ಆದರೆ ಆ ಕಷ್ಟದ ನಡುವೆ ಎರಡು ತಲೆಮಾರುಗಳು ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಕಣ್ಣಾರೆ ಕಂಡವು.

ತಂದೆ ಕಂಡದ್ದೇನು? "ಎ.ಸಿ. ರೂಮಿನಲ್ಲಿ ಕೂತು ಸಂಬಳ ಎಣಿಸುವ ಮಗ" ರಾತ್ರಿ ಹನ್ನೊಂದಕ್ಕೂ ಯಾರದೋ ಮಾತು ಕೇಳಿಸಿಕೊಂಡು "ಸರಿ ಸರಿ" ಎನ್ನುತ್ತ ಇರುವುದನ್ನು. ಮಗ ಕಂಡದ್ದೇನು? ಕೊಳೆರೋಗ ಬರುವ ಮೊದಲು ಔಷಧಿ ಹೊಡೆಸಬೇಕೆಂದು ಆಳಿಗಾಗಿ ನಾಲ್ಕು ಮನೆ ತಿರುಗುವ ಅಪ್ಪಯ್ಯನನ್ನು. ಮಳೆ ಬಿಡುವು ಕೊಡುವುದನ್ನೇ ಆಕಾಶ ನೋಡುತ್ತ ಕಾಯುವ ಅವರ ಕಳವಳವನ್ನು. ಅದಾದ ಮೇಲೆ ಎಷ್ಟೋ ಮನೆಗಳಿಗೆ ಕಾರ್ಬನ್ ಫೈಬರ್ ದೋಟಿ ಬಂತು, ಫೋನಿನಿಂದಲೇ ಪಂಪು ಚಾಲೂ ಮಾಡುವ ಸಾಧನ ಬಂತು. ತಂದುಕೊಟ್ಟವರು "ತೋಟ ಬಿಟ್ಟ" ಮಕ್ಕಳೇ.

ಆಗಿನ ಒಂದು ಚಿತ್ರ ನಾಡಿನವರೆಲ್ಲರ ಮನಸ್ಸಿನಲ್ಲಿ ಉಳಿದಿದೆ. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಸುರಿವ ಮಳೆಯಲ್ಲಿ ತಂದೆ ಛತ್ರಿ ಹಿಡಿದು ನಿಂತ ಚಿತ್ರ. ಅಡಿಕೆ ಸೀಮೆಯ ತಂದೆ ತಾಯಿಗಳು ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಹಾಗೆ ಛತ್ರಿ ಹಿಡಿದವರೇ. ಮಕ್ಕಳು ಬೆಳೆದ ಮೇಲೆ ಆ ಛತ್ರಿ ಕೈ ಬದಲಾಯಿಸುತ್ತದೆ. ಬಿಡದೆ ಹಿಡಿದುಕೊಂಡರೆ ಇಬ್ಬರೂ ನೆನೆಯುತ್ತೇವೆ. ಕೊಡಲು ಹೇಗೆ ಮನಸ್ಸು ಬೇಕೋ, ಕೈಚಾಚಿ ಪಡೆಯಲೂ ಹಾಗೆಯೇ ಮನಸ್ಸು ಬೇಕು. ನಮ್ಮ ಗಂಡಸರಿಗೆ ಇದು ಹೆಚ್ಚು ಕಷ್ಟ.

ಹೆಣ್ಣುಮಕ್ಕಳ ಪಾಲು

"ಮಗ ಎಲ್ಲಿದ್ದಾನೆ" ಎಂದು ಕೇಳುವವರು ಮಗಳನ್ನು ಕೇಳುವುದು ಕಡಿಮೆ. ಆದರೆ ಮನೆಯಲ್ಲಿ ಜ್ವರ ಬಂದರೆ ಮೊದಲು ಫೋನ್ ಮಾಡುವವಳು, ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿರೋ ಎಂದು ಗದರುವವಳು ಹೆಚ್ಚಾಗಿ ಅವಳೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಕಾಲ ಹೋಯಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಅದು ದಕ್ಕಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆ ದಿನಕ್ಕೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ಆದ ಪಾಲುಪಟ್ಟಿಗಳು ಮಾತ್ರ ಹಾಗೆಯೇ ನಿಲ್ಲುತ್ತವೆ.

ಕಾನೂನು ಕೊಡಿಸಿದ ಪಾಲನ್ನು ಮುಖ ಗಂಟಿಕ್ಕಿಕೊಂಡು ಕೊಡುವುದೂ ಉಂಟು, ಅಕ್ಕರೆಯಿಂದ ಕೊಡುವುದೂ ಉಂಟು. ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು, ಬದುಕಿರುವಾಗಲೇ, ಕೇಳಬೇಕಾದವರನ್ನು ಕೇಳಿ ಬರೆದಿಟ್ಟರೆ ಮುಂದೆ ಅಣ್ಣ ತಂಗಿ ಕೋರ್ಟಿನ ಮೆಟ್ಟಿಲಲ್ಲಿ ಮುಖ ತಿರುಗಿಸಿ ನಿಲ್ಲುವುದು ತಪ್ಪುತ್ತದೆ. ಪಾಲುಪಟ್ಟಿಯೂ ಮಕ್ಕಳಿಗೆ ಹೇಳುವ ಕೃತಜ್ಞತೆಯ ಒಂದು ಪತ್ರವೇ.

ಎಲ್ಲ ಮನೆಗಳೂ ಹೀಗಿಲ್ಲವೆಂದು ಬಲ್ಲೆವು. ಫೋನ್ ಮಾಡದ, ಕಾಯಿಲೆಗೂ ಬಾರದ, ಬಂದರೆ ಸಹಿಗೆ ಮಾತ್ರ ಬರುವ ಮಕ್ಕಳೂ ಇದ್ದಾರೆ. ಅಂಥವರ ತಂದೆ ತಾಯಿಗೆ ಬರಿಯ ಉಪದೇಶ ಗಾಯದ ಮೇಲಿನ ಉಪ್ಪು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು ಜೀವನಾಂಶ ಪಡೆಯಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂದೆ ಪಡೆಯಲೂ ದಾರಿ ಉಂಟು. ಆದ್ದರಿಂದ ದಾನಪತ್ರ ಮಾಡುವವರು ಷರತ್ತನ್ನು ಬರೆಸಲು ಮರೆಯಬಾರದು. ಹಕ್ಕನ್ನು ಕೇಳುವುದು ಅಪಮಾನವಲ್ಲ. ಅಂಥ ಮನೆಯ ನೆರೆಯವರಾದ ನಮ್ಮ ಪಾಲಿನ ಕೆಲಸವೂ ಇದೆ: ಕೊಯ್ಲಿಗೆ ಒಂದು ಕೈ, ಆಸ್ಪತ್ರೆಗೆ ಒಂದು ಜೀಪು, ಸಂಜೆಗೆ ಒಂದು ಮಾತು. ಸಹಕಾರ ಎಂಬ ಶಬ್ದಕ್ಕೆ ಅರ್ಥ ಅದೇ.

ದಿನದಿನದ ನೋಂಪಿ

ನಮ್ಮ ಮೂರು ತಾಲ್ಲೂಕುಗಳಲ್ಲಿ ದೇವರಿಗೆ ಕೊರತೆಯಿಲ್ಲ. ಶೃಂಗೇರಿಯಲ್ಲಿ ಶಾರದಾಂಬೆ, ಕಿಗ್ಗದಲ್ಲಿ ಮಳೆಯ ದೇವರೆನಿಸಿದ ಋಷ್ಯಶೃಂಗೇಶ್ವರ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ನರಸಿಂಹರಾಜಪುರದ ಬಳಿ ಸಿಂಹನಗದ್ದೆಯ ಬಸದಿ, ಮಸೀದಿಗಳು, ಇಗರ್ಜಿಗಳು, ತೋಟದ ಮೇಲಣ ಚೌಡಿ ಬನ. ಯಾರ ಮುಂದೆ ಕೈಮುಗಿದರೂ ಬೇಡಿಕೊಳ್ಳುವುದು ಬಹುತೇಕ ಒಂದೇ: "ಮಕ್ಕಳು ಚೆನ್ನಾಗಿರಲಿ." ದೇವರ ಮುಂದೆ ಹೇಳುವ ಆ ಮಾತನ್ನು ಮಕ್ಕಳ ಮುಂದೆಯೂ ಹೇಳಿದರೆ ಮನೆಯೇ ಗುಡಿಯಾಗುತ್ತದೆ. ಅದಕ್ಕೆ ದೊಡ್ಡ ವ್ರತ ಬೇಡ. ಸಣ್ಣ ನಾಲ್ಕು ರೂಢಿಗಳು ಸಾಕು.

ಮೊದಲನೆಯದು, ಹೆಸರಿಟ್ಟು ಹೇಳುವುದು. "ಎಲ್ಲ ದೇವರ ದಯೆ" ಎಂದರೆ ಸಾಲದು. "ನೀನು ಕಳಿಸಿದ ದುಡ್ಡಿನಲ್ಲಿ ಮೇಲಿನ ತೋಟದ ಕಾಲುವೆ ತೆಗೆಸಿದೆ, ಈ ವರ್ಷ ನೀರು ನಿಲ್ಲಲಿಲ್ಲ ಮಗ" ಎಂದರೆ ಅದು ಮನಸ್ಸಿಗೆ ಇಳಿಯುತ್ತದೆ.

ಎರಡನೆಯದು, ಬುದ್ಧಿಮಾತಿನ ಪ್ರಮಾಣ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಆಮೇಲೂ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಕೆಂಪು ಲೇಪ ಹಿಡಿದರೆ ತುತ್ತ ಹೆಚ್ಚಾಯಿತು, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಹಾಗೆಯೇ ಹೊಡೆದರೆ ಗಿಡ ಸುಡುತ್ತದೆ. ಬೆಳೆದ ಮಕ್ಕಳಿಗೆ ಹೇಳುವ ಮಾತಿಗೂ ಇಂಥದೇ ಪರೀಕ್ಷೆ ಬೇಕು. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮೂರನೆಯದು, ತೋಟದ ಮೂಲೆಯೊಂದನ್ನಾದರೂ ಅವರ ಕೈಗೆ ಬಿಡುವುದು. ಮಗನೋ ಮಗಳೋ ಅಲ್ಲಿ ಬೆಣ್ಣೆಹಣ್ಣು ಹಾಕಲಿ, ಜೇನು ಇಡಲಿ. ಕೆಟ್ಟರೆ ಒಂದು ಮೂಲೆ ಕೆಟ್ಟೀತು. ಹಿಡಿದರೆ ಒಂದು ಮನೆ ಉಳಿದೀತು.

ನಾಲ್ಕನೆಯದು, ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯನ್ನು ಬದಲಿಸುವುದು. "ಯಾವಾಗ ಬರುತ್ತೀಯ?" ಎಂಬುದು ಪ್ರೀತಿಯ ಪ್ರಶ್ನೆಯೇ, ಆದರೆ ರಜೆ ಸಿಗದ ಮಗಳ ಕಿವಿಗೆ ಅದು ದೂರಿನಂತೆ ಕೇಳುತ್ತದೆ. "ಊಟ ಆಯಿತಾ? ಇವತ್ತು ಏನು ಕೆಲಸ ಮಾಡಿದೆ?" ಎಂದು ಕೇಳಿ, ಅವಳು ಹೇಳುವುದು ಅರ್ಥವಾಗದಿದ್ದರೂ ಕೊನೆಯತನಕ ಕೇಳಿಸಿಕೊಳ್ಳಬೇಕು.

ಬೆಳೆಗಾರ ಬಾಂಧವರೇ, ಹಳದಿ ರೋಗದಲ್ಲಿ ಮರ ಹೋದ ಗುಂಡಿಯ ಪಕ್ಕದಲ್ಲೇ ಮತ್ತೆ ಅಡಿಕೆ ಸಸಿ ಇಡುವ ಜನ ನಾವು. ಅದು ನಿಂತೀತೆಂದು ಯಾರೂ ಬರೆದುಕೊಟ್ಟಿಲ್ಲ. ಆದರೂ ಇಡುತ್ತೇವೆ, ನೆರಳು ಮಾಡುತ್ತೇವೆ, ಬೇಸಿಗೆಯಲ್ಲಿ ನೀರು ಹೊರುತ್ತೇವೆ. ಸಸಿಯ ಮೇಲೆ ಅಷ್ಟು ನಂಬಿಕೆ ಇಟ್ಟವರಿಗೆ ಬೆಳೆದ ಮಕ್ಕಳ ಮೇಲೆ ನಂಬಿಕೆ ಇಡುವುದು ದೊಡ್ಡ ಮಾತಲ್ಲ. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಮಗನಿಗೋ ಮಗಳಿಗೋ ಒಂದು ಫೋನ್ ಮಾಡಿ. ಧಾರಣೆ, ಆಳಿನ ತೊಂದರೆ, ಮಂಡಿನೋವು ಎಲ್ಲ ನಾಳೆಗೆ ಇರಲಿ. "ನಿನ್ನಿಂದ ನಮಗೆ ಇಂಥದೊಂದು ಅನುಕೂಲವಾಯಿತು" ಎಂಬ ಒಂದೇ ಮಾತು ಹೇಳಿ. ಆ ಕಡೆ ಸ್ವಲ್ಪ ಹೊತ್ತು ಮಾತು ಬಾರದಿದ್ದರೆ ಸಿಗ್ನಲ್ ಹೋಯಿತೆಂದು ಫೋನ್ ಇಟ್ಟುಬಿಡಬೇಡಿ.